ಬೊಗಳುವಾಗ ತಿಂಡಿ ಕೊಟ್ಟರೆ ನಾಯಿ ಕೆಡುತ್ತದೆಯೇ?

ಪ್ರಶ್ನೆ: ನಮ್ಮ ನಾಯಿಗೆ ಹತ್ತು ತಿಂಗಳು. ಮನೆಯಲ್ಲಿ ತುಂಬಾ ಸಾಧು. ವಾಕಿಂಗ್‌ಗೆ ಹೊರಟರೆ ಮಾತ್ರ, ಬೇರೆ ನಾಯಿ ಕಂಡ ಕೂಡಲೇ ಲೀಶ್ ಹರಿದುಹೋಗುವ ಹಾಗೆ ಎಗರಿ ಬೊಗಳುತ್ತದೆ. ಆಗ ತಿಂಡಿ ಕೊಡಿ ಅನ್ನುತ್ತೀರಿ. ಅದು ಬೊಗಳಿದ್ದಕ್ಕೆ ಬಹುಮಾನ ಕೊಟ್ಟ ಹಾಗಾಗಲ್ವಾ?

ಆಗಲ್ಲ. ಈ ಪ್ರಶ್ನೆಗೆ ಒಂದು ಸಾಲಿನಲ್ಲಿ ಉತ್ತರ ಕೊಟ್ಟೂ ಕೊಟ್ಟೂ ಸಾಕಾಗಿದೆ. ಯಾರೂ ನಂಬುವುದಿಲ್ಲ. ಅದಕ್ಕೇ ಈ ಸಲ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಇಂಥ ನಾಯಿಗಳಲ್ಲಿ ಹೆಚ್ಚಿನವು ಬೊಗಳುವುದು ಹೆದರಿಕೆಗೆ. ನಾಯಿಗಳು ತಾವಾಗಿ ಎದುರಾದರೆ ಮೂತಿಗೆ ಮೂತಿ ಹಿಡಿದು ಬರುವುದಿಲ್ಲ, ಸ್ವಲ್ಪ ಬಳಸಿಕೊಂಡು ಬರುತ್ತವೆ. ಬೇಡ ಅನಿಸಿದರೆ ದೂರ ಹೋಗುತ್ತವೆ. ಲೀಶ್ ಹಾಕಿದ ಮೇಲೆ ಎರಡೂ ದಾರಿ ಬಂದ್. ಉಳಿದದ್ದು ಬೊಗಳುವುದೊಂದೇ. ಬೊಗಳಿತು, ಎದುರಿನ ನಾಯಿ ಹೊರಟುಹೋಯಿತು. ಅದೂ ವಾಕಿಂಗ್‌ಗೆ ಬಂದದ್ದು, ಹೇಗೂ ಹೋಗುತ್ತಿತ್ತು. ಆದರೆ ನಿಮ್ಮ ನಾಯಿಯ ಲೆಕ್ಕದಲ್ಲಿ ಓಡಿಸಿದ್ದು ತಾನೇ! ಬಹುಮಾನ ಅಂದರೆ ಇದು. ನೀವು ತಿಂಡಿ ಕೊಡಲಿ ಬಿಡಲಿ, ದಿನಾ ಸಿಗುತ್ತಿದೆ.

ಇನ್ನು ತಿಂಡಿಯ ವಿಷಯ. 'ಕೂರು' ಅಂದಾಗ ಕೂತದ್ದಕ್ಕೆ ಕೊಟ್ಟರೆ ಕೂರುವುದು ಜಾಸ್ತಿಯಾಗುತ್ತದೆ, ಸರಿ. ಹೆದರಿಕೆ ಹಾಗಲ್ಲ. ಅದು ನಾಯಿ ಬೇಕೆಂದು ಮಾಡುವ ಕೆಲಸವೇ ಅಲ್ಲ. ಹೆದರುತ್ತಿರುವವರ ಕೈಗೆ ಸಿಹಿ ಕೊಟ್ಟರೆ ನಾಳೆ ಸಿಹಿಯಾಸೆಗೆ ಅವರು ಇನ್ನಷ್ಟು ಹೆದರುತ್ತಾರೆಯೇ?

ಇದು ಹಳೇ ಸಂಗತಿ. 1924ರಲ್ಲಿ ಮೇರಿ ಕವರ್ ಜೋನ್ಸ್ ಎಂಬ ಮನೋವಿಜ್ಞಾನಿ ಪೀಟರ್ ಎಂಬ ಪುಟ್ಟ ಹುಡುಗನ ಬಗ್ಗೆ ಬರೆದರು. ಅವನಿಗೆ ಮೊಲ ಕಂಡರೆ ಭಯ. ಅವನು ಇಷ್ಟದ ತಿಂಡಿ ತಿನ್ನುವಾಗ ಮೊಲವನ್ನು ದೂರದಲ್ಲಿಟ್ಟು, ಅವನು ತಡೆದುಕೊಳ್ಳುವಷ್ಟೇ ಹತ್ತಿರ ತರುತ್ತಾ ಹೋದರು. ಕೊನೆಗೆ ಹುಡುಗ ಮೊಲವನ್ನು ಮುಟ್ಟಿ ಆಡಿಸಿದ. ತಿಂಡಿ ತಿಂದು ಭಯ ಬೆಳೆಯಲಿಲ್ಲ, ಕರಗಿತು. ಈ ತಿಂಡಿಯ ಉಪಾಯಕ್ಕೂ ಮುಂಚೆ, ಬೇರೆ ಮಕ್ಕಳ ಜೊತೆ ಆಡಿಸಿ ಭಯ ಕಡಿಮೆಯಾಗುತ್ತಿದ್ದಾಗ, ಒಂದು ಎಡವಟ್ಟೂ ಆಗಿತ್ತು. ಜ್ವರಕ್ಕೆ ಸೇರಿದ್ದ ಆಸ್ಪತ್ರೆಯಿಂದ ಹೊರಟಾಗ ದೊಡ್ಡ ನಾಯಿಯೊಂದು ಮೇಲೆ ಹಾರಿತು, ಅವನ ಹಳೇ ಭಯವೆಲ್ಲ ವಾಪಸ್ ಬಂತು. ಆಮೇಲೇ ತಿಂಡಿ ಕೊಡುತ್ತಾ ಮತ್ತೆ ದೂರದಿಂದ ಶುರು ಮಾಡಿದ್ದು. 'ಸರಿಹೋಗಿತ್ತು, ನಿನ್ನೆ ಮತ್ತೆ ಕೆಟ್ಟಿತು' ಎಂದು ಅಳುವವರು ಇದನ್ನು ಇನ್ನೊಮ್ಮೆ ಓದಿ.

ಲೀಶ್ ಜಗ್ಗಿ ಗದರಿಸಿದರೆ ಆಗುವುದೇ ಬೇರೆ. ಬೇರೆ ನಾಯಿ ಕಂಡರೆ ಕುತ್ತಿಗೆ ನೋಯುತ್ತದೆ ಎಂದು ಕಲಿಯುತ್ತದೆ. ಗುರ್ರೆನ್ನುವುದನ್ನು ಬಿಟ್ಟರೂ ಭಯ ಹಾಗೇ ಇರುತ್ತದೆ. ಮುಂದೊಂದು ದಿನ ಗುರ್ರೆನ್ನದೇ ಕಚ್ಚಿದಾಗ 'ಇದ್ದಕ್ಕಿದ್ದಂತೆ ಕಚ್ಚಿತು' ಅನ್ನುತ್ತೀರಿ.

ಹಾಗಂತ ಅದು ಎಗರಿ ರಂಪ ಮಾಡುವಾಗ ಬಾಯಿಗೆ ತಿಂಡಿ ತುರುಕಿ ಎಂದಲ್ಲ. ಅಷ್ಟು ಹತ್ತಿರ ಹೋದರೆ ನುಂಗುವುದೂ ಇಲ್ಲ. ಅದಕ್ಕೂ ಮುಂಚಿನ ಗಳಿಗೆ ನೋಡಿ. ತೆರೆದ ಬಾಯಿ ಮುಚ್ಚುತ್ತದೆ, ಕಿವಿ ಮುಂದಕ್ಕೆ ಬರುತ್ತದೆ, ಮೈ ಕಲ್ಲಾಗುತ್ತದೆ. ಆಗಲೇ ತಿರುಗಿ ದೂರ ಹೋಗಿ. ದಿನಾ ತಿನ್ನುವ ಚೂರನ್ನೂ ಮೂಸದಿದ್ದರೆ, ಇಲ್ಲವೇ ಬೆರಳು ಸೇರಿಸಿ ಕಚ್ಚಿ ಕಿತ್ತುಕೊಂಡರೆ, ಇನ್ನೂ ಹತ್ತಿರವಿದ್ದೀರಿ ಎಂದರ್ಥ. ಆರಾಮಾಗಿ ನೋಡುವ ದೂರ ಸಿಕ್ಕಿದ ಮೇಲೆ ಮೊದಲು ನಾಯಿ ಕಾಣಲಿ, ಆಮೇಲೆ ತಿಂಡಿ ಬರಲಿ. ಕ್ರಮ ತಿರುಗಿಸಿದರೆ ಕೆಲಸ ಕೆಟ್ಟಿತು. ನೀವು ಚೀಲಕ್ಕೆ ಕೈ ಹಾಕಿದ್ದೇ ಅಪಾಯದ ಸೂಚನೆಯಾಗುತ್ತದೆ. ಎದುರಿನ ನಾಯಿ ಮರೆಯಾದ ಕೂಡಲೇ ತಿಂಡಿಯೂ ನಿಲ್ಲಲಿ. ಸ್ವಲ್ಪ ದಿನಕ್ಕೆ ಅದು ಬೇರೆ ನಾಯಿ ಕಂಡು ನಿಮ್ಮ ಮುಖ ನೋಡುತ್ತದೆ, 'ಎಲ್ಲಿ ನನ್ನದು?' ಎಂಬಂತೆ. ಆಮೇಲೆ ಒಂದೊಂದೇ ಹೆಜ್ಜೆ ಹತ್ತಿರ ಹೋಗಬಹುದು.

ಕೆಲವು ಜಾಣ ನಾಯಿಗಳು ಒಮ್ಮೆ ಬೊಗಳಿ, ಬಾಲ ಆಡಿಸಿ, ತಿಂಡಿಗೆ ಮುಖ ನೋಡುವುದನ್ನೂ ಕಲಿಯುತ್ತವೆ. ಭಯ ಹೋದ ಮೇಲಿನ ತಮಾಷೆ ಅದು. ಬೊಗಳುವ ಮುಂಚೆಯೇ ಕೊಟ್ಟರೆ ಸರಿಹೋಗುತ್ತದೆ. ಅಲ್ಲಿಯವರೆಗೆ ಬಂದರೆ ನಿಮ್ಮ ಅರ್ಧ ಕೆಲಸ ಮುಗಿದಿದೆ.

ಲೀಶ್ ಎರಡು ಮೀಟರ್ ಇದ್ದರೆ ಸಾಕು, ಸಡಿಲವಾಗಿರಲಿ. ಕುತ್ತಿಗೆಯ ಬೆಲ್ಟ್‌ಗಿಂತ ಎದೆಗೆ ಹಾಕುವ ಹಾರ್ನೆಸ್ ಒಳ್ಳೆಯದು. ಸಾಧುವಾಗಿದ್ದ ನಾಯಿ ದಿಢೀರನೆ ಹೀಗಾಗಿದ್ದರೆ ಮೊದಲು ವೆಟ್ ಹತ್ತಿರ ಹೋಗಿ, ನೋವೂ ಇರಬಹುದು.

ಯಾರೂ ಕೇಳದ ಇನ್ನೊಂದು ಮಾತು: ದಿನಾ ವಾಕಿಂಗ್ ಹೋಗಲೇಬೇಕಾ? ಬೇಕಿಲ್ಲ. ನಿನ್ನೆ ದೊಡ್ಡ ರಂಪ ಆಗಿದ್ದರೆ ಇವತ್ತು ಮನೆಯಲ್ಲೇ ಇರಲಿ. ಅದರ ಮೈ ಮನಸ್ಸು ತಣ್ಣಗಾಗಲು ಹೊತ್ತು ಬೇಕು. ಹೊರಗಿನ ಕೆಲಸಗಳಿಗೆ ಅಂಗಳ ಸಾಕು. ಊಟವನ್ನು ತಟ್ಟೆಗೆ ಹಾಕುವ ಬದಲು ಹಳೇ ಟವೆಲ್‌ನಲ್ಲಿ ಸುತ್ತಿಡಿ, ಮೂಲೆ ಮೂಲೆಯಲ್ಲಿ ಅಡಗಿಸಿಡಿ, ಮೂಸಿ ಹುಡುಕಲಿ. ಮೂಗಿಗೆ ಕೆಲಸ ಸಿಕ್ಕಿದ ನಾಯಿ ಚೆನ್ನಾಗಿ ದಣಿಯುತ್ತದೆ. ನಾಳೆ ಹೊರಡುವಾಗಲೂ ಜನ, ನಾಯಿ ಕಡಿಮೆ ಇರುವ ಹೊತ್ತು ನೋಡಿ ಹೊರಡಿ. ಲೀಶ್ ಹಾಕುವ ಮುಂಚೆ ನೀವೇ ಒಮ್ಮೆ ಗೇಟಿನಾಚೆ ಇಣುಕಿ.