ಪಕ್ಕದ ಹಲ್ಲನ್ನೂ ಕಾಯುವ ಸಿಮೆಂಟು

ಹಲ್ಲಿನ ತೂತಿಗೆ ತುಂಬಿದ ಸಿಮೆಂಟು ಗೋಡೆಯ ಗಾರೆಯಂತೆ ಸುಮ್ಮನೆ ಕೂತಿರುತ್ತದೆ ಎಂದೇ ಹೆಚ್ಚಿನವರ ಎಣಿಕೆ. ಡಾಕ್ಟರುಗಳು ಜಿಐಸಿ ಎನ್ನುವ ಗ್ಲಾಸ್ ಅಯನೊಮರ್ ಹಾಗೆ ಸುಮ್ಮನಿರುವುದಿಲ್ಲ. ಬಾಯಲ್ಲಿರುವಷ್ಟು ಕಾಲ ಚೂರುಚೂರೇ ಫ್ಲೋರೈಡ್ ಬಿಡುತ್ತಿರುತ್ತದೆ. ಅದರಲ್ಲಿ ತಾಗಿಕೊಂಡಿರುವ ಹಲ್ಲಿಗೂ ಒಂದು ಪಾಲು.

ಇದನ್ನು ಯಾರೂ ಬಯಸಿ ಮಾಡಿದ್ದಲ್ಲ ಎಂಬುದೇ ನನಗೆ ಮೋಜೆನಿಸುತ್ತದೆ. 20ನೇ ಶತಮಾನದ ಮೊದಲ ದಶಕಗಳಲ್ಲಿ ಮುಂದಿನ ಹಲ್ಲುಗಳಿಗೆ ಸಿಲಿಕೇಟ್ ಸಿಮೆಂಟ್ ತುಂಬುತ್ತಿದ್ದರು. ಗಾಜಿನ ಪುಡಿಗೆ ಫಾಸ್ಫಾರಿಕ್ ಆಮ್ಲ ಕಲಸಿ ಮಾಡಿದ್ದು. ಬಾಳಿಕೆ ಸಾಲದು, ಕೆಲವೇ ವರ್ಷಗಳಲ್ಲಿ ಕರಗಿ ಸವೆಯುತ್ತಿತ್ತು. ಆದರೂ ಅದರ ಅಂಚಿನಲ್ಲಿ ಮತ್ತೆ ಹುಳುಕು ಹಿಡಿಯುವುದು ಕಡಿಮೆ. ಗುಟ್ಟು ಗಾಜಿನಲ್ಲಿತ್ತು. ಕಡಿಮೆ ಶಾಖಕ್ಕೇ ಕರಗಲೆಂದು ಅದಕ್ಕೆ ಫ್ಲೋರೈಡ್ ಲವಣ ಬೆರೆಸಿದ್ದರು. ಕುಲುಮೆಯ ಅನುಕೂಲಕ್ಕೆ ಹಾಕಿದ್ದು ಬಾಯಲ್ಲಿ ಕೆಲಸಕ್ಕೆ ಬಂತು! ಲಂಡನ್ನಿನ ಸರ್ಕಾರಿ ರಸಾಯನ ಪ್ರಯೋಗಾಲಯದ ಅಲನ್ ವಿಲ್ಸನ್ ಮತ್ತು ಬ್ರಯಾನ್ ಕೆಂಟ್ ಅಂಥದೇ ಗಾಜನ್ನು ಪಾಲಿಅಕ್ರಿಲಿಕ್ ಆಮ್ಲದೊಡನೆ ಕೂಡಿಸಿ, ಹಲ್ಲಿಗೆ ತಾನಾಗಿ ಅಂಟುವ ಸಿಮೆಂಟನ್ನು ರೂಪಿಸಿದರು. ಅದೇ ಜಿಐಸಿ. 1972ರಲ್ಲಿ ಅದು ದಂತವೈದ್ಯರಿಗೆ ಪರಿಚಯವಾಯಿತು.

ಎರಡು ದವಡೆ ಹಲ್ಲುಗಳು ತಾಗುವ ಸಂದಿಗೆ ಬ್ರಷ್ ಹೋಗುವುದಿಲ್ಲ, ಜೊಲ್ಲೂ ಸರಿಯಾಗಿ ಹರಿಯುವುದಿಲ್ಲ. ಅಲ್ಲಿ ಬ್ಯಾಕ್ಟೀರಿಯಾಗಳು ಸಕ್ಕರೆ ತಿಂದು ಆಮ್ಲ ಬಿಡುತ್ತವೆ. ಆಮ್ಲ ಹೆಚ್ಚಿದಷ್ಟೂ ಇಳಿಯುವ ಅಳತೆ ಪಿಎಚ್. ಅದು ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್ ಕ್ಯಾಲ್ಸಿಯಂ, ಫಾಸ್ಫೇಟ್ ಕಳೆದುಕೊಳ್ಳುತ್ತದೆ. ಆಮ್ಲ ತಗ್ಗಿದಾಗ ಅವು ಮರಳಿ ಕೂರುತ್ತವೆ. ಆ ಹೊತ್ತಿಗೆ ಸಂದಿಯ ದ್ರವದಲ್ಲಿ ಒಂದಿಷ್ಟು ಫ್ಲೋರೈಡ್ ಇದ್ದರೂ ಸಾಕು, ರಿಪೇರಿ ಚುರುಕಾಗುತ್ತದೆ. ಹೊಸದಾಗಿ ಕಟ್ಟುವ ಹರಳಿನಲ್ಲಿ ಫ್ಲೋರೈಡೂ ಸೇರಿಕೊಂಡು, ಅದು ಸುಮಾರು 4.5 ಪಿಎಚ್‌ವರೆಗೂ ತಡೆಯಬಲ್ಲುದು. ಜೊಲ್ಲು ತೊಳೆದುಕೊಂಡು ಹೋಗದ ಜಾಗವಾದ್ದರಿಂದ ಸಿಮೆಂಟು ಬಿಟ್ಟ ಫ್ಲೋರೈಡ್ ಅಲ್ಲೇ ನಿಲ್ಲುತ್ತದೆ. ಹುಳುಕಿಗೆ ಅನುಕೂಲವಾಗಿದ್ದ ಇಕ್ಕಟ್ಟೇ ಈಗ ಹಲ್ಲಿನ ಪರ.

ಮೊದಲ ಒಂದೆರಡು ದಿನ ಫ್ಲೋರೈಡ್ ಧಾರಾಳ, ಆಮೇಲೆ ಜಿನುಗು ಮಾತ್ರ. ಖಾಲಿಯಾದರೆ? ಫ್ಲೋರೈಡ್ ಪೇಸ್ಟಿನಲ್ಲಿ ಹಲ್ಲುಜ್ಜಿದಾಗ ಸಿಮೆಂಟು ಒಂದಿಷ್ಟು ಹೀರಿಕೊಂಡು ಮತ್ತೆ ಬಿಡುತ್ತದೆ.

ಇಲ್ಲಿ ಪಾವಗಡ, ಬಾಗೇಪಲ್ಲಿ ಕಡೆಯವರು ಹುಬ್ಬೇರಿಸುವುದು ಸಹಜ. ಕೊಳವೆಬಾವಿಯ ಫ್ಲೋರೈಡಿನಿಂದ ಹಲ್ಲು ಕಂದಾಗಿದ್ದನ್ನು ಕಂಡವರು ಅವರು. ಆದರೆ ಆ ಕಲೆ ಬೀಳುವುದು ವಸಡಿನೊಳಗೆ ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ, ಲೀಟರಿಗೆ 1.5 ಮಿಲಿಗ್ರಾಂ ಮಿತಿ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ. ಫಿಲ್ಲಿಂಗ್ ಬಿಡುವುದು ಮೈಕ್ರೋಗ್ರಾಂ ಲೆಕ್ಕದಲ್ಲಿ. ಎರಡನ್ನೂ 'ವಿಷ' ಎಂದು ಒಂದೇ ಸಾಲಿನಲ್ಲಿ ಬರೆದು ವಾಟ್ಸ್ಆಪಿನಲ್ಲಿ ಹರಿಬಿಡುವವರಿಗೆ ಪ್ರಮಾಣದ ಗೊಡವೆಯೇ ಇಲ್ಲ.

ಹಾಗೆಂದು ಇದು ಪವಾಡವೂ ಅಲ್ಲ. ಅಗಿಯುವ ಒತ್ತಡಕ್ಕೆ ಜಿಐಸಿ ಬೇಗ ಸವೆಯುತ್ತದೆ. ಅದಕ್ಕೇ ಹಾಲುಹಲ್ಲು, ವಸಡಿನಂಚಿನ ತೂತುಗಳಿಗೆ ಅದನ್ನು ಹೆಚ್ಚು ಬಳಸುತ್ತಾರೆ. ನೆರವು ಸಿಗುವುದೂ ತಾಗಿದ ಮಗ್ಗುಲಿಗಷ್ಟೇ. ಅದೇ ಹಲ್ಲಿನ ಇನ್ನೊಂದು ಮಗ್ಗುಲಿಗೆ ಪೇಸ್ಟು, ಸಂದಿ ಉಜ್ಜುವ ದಾರಗಳೇ ಗತಿ.