ಸೊಟ್ಟಗಿದ್ದೂ ಐನೂರು ವರ್ಷ ನಿಂತ ಮನೆ

ಲಿಟ್ಲ್ ಮೊರ್ಟನ್ ಹಾಲ್‌ನ ಮೇಲಂತಸ್ತಿನ ಉದ್ದ ಹಜಾರದಲ್ಲಿ ನಡೆದರೆ, ನೆಲ ಸಮನಾಗಿಲ್ಲ ಎನ್ನುವುದು ಕಣ್ಣಿಗಿಂತ ಮೊದಲು ಕಾಲಿಗೆ ಗೊತ್ತಾಗುತ್ತದೆ. ಹಲಗೆ ಒಂದು ಕಡೆ ಏರುತ್ತದೆ, ನಾಲ್ಕು ಹೆಜ್ಜೆ ಮುಂದೆ ಇಳಿಯುತ್ತದೆ. ಕಿಟಕಿ ಚೌಕಟ್ಟಿಗೆ ಮೂಲೆಮಟ್ಟ ಹಿಡಿದರೆ ಒಂದು ಮೂಲೆಯೂ ಕೂರದು. ಹೊರಗೆ ಬಂದು ಕಂದಕದ ಆಚೆ ನಿಂತು ನೋಡಿದರೆ ಇಡೀ ದಕ್ಷಿಣ ಭಾಗ ಮುಂದಕ್ಕೆ ವಾಲಿ, ನಡುವೆ ಉಬ್ಬಿ, ಈಗಲೋ ಆಗಲೋ ನೀರಿಗೆ ಜಾರುವ ಹಾಗಿದೆ. ಹಳೆ ಮನೆಗಳ ದುರಸ್ತಿಯನ್ನೇ ಕಸುಬು ಮಾಡಿಕೊಂಡ ನನಗೂ ಮೊದಲ ಸಲ ನೋಡಿದಾಗ ಎದೆ ಧಸಕ್ಕೆಂದಿತ್ತು. ಅಲ್ಲಿಂದ ಬಂದ ಮೇಲೆ ಮನೆ ತೋರಿಸಲು ಕರೆದವರು "ಗೋಡೆ ಓರೆಯಾಗಿದೆ, ಕೆಡವಿಬಿಡೋಣವಾ ಸಾರ್?" ಎಂದಾಗಲೆಲ್ಲ ನನಗೆ ಈ ಮನೆ ನೆನಪಾಗುತ್ತದೆ.

ಇದು ಇಂಗ್ಲೆಂಡಿನ ಚೆಷೈರ್‌ನಲ್ಲಿ, ಕಾಂಗಲ್ಟನ್ ಪಟ್ಟಣದ ಹತ್ತಿರವಿದೆ. ಮೊರ್ಟನ್ ಎಂಬ ಜಮೀನ್ದಾರ ಮನೆತನದ್ದು. 1348ರ ಪ್ಲೇಗ್ ಮಾರಿಯ ನಂತರ ಅಗ್ಗಕ್ಕೆ ಬಿದ್ದಿದ್ದ ಜಮೀನು, ಎಂಟನೇ ಹೆನ್ರಿ ಕ್ರೈಸ್ತ ಮಠಗಳನ್ನು ಮುಚ್ಚಿಸಿದಾಗ ಮಾರಾಟಕ್ಕೆ ಬಂದ ಜಮೀನು, ಎರಡನ್ನೂ ಕೊಂಡು ಬೆಳೆದವರು. ಹದಿನಾರನೇ ಶತಮಾನದ ನಡುವಿಗೆ ಅವರ ಹತ್ತಿರ 1,360 ಎಕರೆ ಇತ್ತು. ವಿಲಿಯಂ ಮೊರ್ಟನ್ ಸುಮಾರು 1504ರಿಂದ 1508ರ ನಡುವೆ ಮನೆಯ ಮೊದಲ ಭಾಗ ಕಟ್ಟಿಸಿದ. ಮಗ, ಮೊಮ್ಮಕ್ಕಳು ಸೇರಿಸುತ್ತ ಹೋಗಿ, 1610ರ ಹೊತ್ತಿಗೆ ಕಲ್ಲು ಹಾಸಿದ ಒಂದು ಅಂಗಳದ ಮೂರು ಬದಿಗೂ ಮನೆ ಹಬ್ಬಿತು. ಇಡೀ ಮನೆಗೆಂದು ಒಬ್ಬರು ಕೂತು ಬರೆದ ನಕ್ಷೆ ಇರಲಿಲ್ಲ. ಕೈಗೆ ದುಡ್ಡು ಬಂದಾಗ ಒಂದು ಕೋಣೆ, ಹೊಸ ಆಸೆ ಹುಟ್ಟಿದಾಗ ಇನ್ನೊಂದು. ನಮ್ಮ ಹಳೆ ಮನೆಗಳೂ ಬಹಳಷ್ಟು ಹೀಗೇ ಬೆಳೆದವು.

ಮನೆಯ ಜೀವ ಇರುವುದು ಮರದ ಚೌಕಟ್ಟಿನಲ್ಲಿ. ಓಕ್ ಮರವನ್ನು ಆ ಕಾಲದ ಬಡಗಿಗಳು ಹಸಿಯಾಗಿದ್ದಾಗಲೇ ಕೆತ್ತುತ್ತಿದ್ದರು, ಒಣಗಿದ ಓಕ್ ಉಳಿಗೆ ಬಗ್ಗುವುದಿಲ್ಲ. ತೊಲೆಯ ತುದಿಯನ್ನು ನಾಲಿಗೆಯಂತೆ ಕೆತ್ತಿ ಕಂಬದ ತೂತಿಗೆ ಕೂರಿಸುವುದು, ಆಮೇಲೆ ಎರಡನ್ನೂ ತೂರಿ ಹೋಗುವ ಹಾಗೆ ಓಕ್‌ನದೇ ಗೂಟ ಹೊಡೆಯುವುದು. ಇಲ್ಲಿನ ಜಾಣ್ಮೆ ಹತ್ತಿರದಿಂದ ನೋಡುವಂಥದ್ದು. ನಾಲಿಗೆಯ ತೂತನ್ನೂ ಕಂಬದ ತೂತನ್ನೂ ನೇರ ಒಂದೇ ಸಾಲಿಗೆ ಕೊರೆಯುವುದಿಲ್ಲ. ಕೆಲವು ಮಿಲಿಮೀಟರ್ ಅಂತರ ಬಿಟ್ಟು ಕೊರೆಯುತ್ತಾರೆ. ಗೂಟ ಆ ಅಂತರದಲ್ಲಿ ತುಸು ಬಾಗಿ ಇಳಿಯುತ್ತ ತೊಲೆಯನ್ನು ಕಂಬಕ್ಕೆ ಬಿಗಿಯಾಗಿ ಎಳೆದುಕೊಳ್ಳುತ್ತದೆ. ಮರ ಒಣಗಿ ಕುಗ್ಗಿದರೂ ಆ ಎಳೆತ ಉಳಿಯುತ್ತದೆ. ಕಬ್ಬಿಣದ ಮೊಳೆ ಇಲ್ಲಿ ನಡೆಯದು: ಓಕ್‌ನಲ್ಲಿರುವ ಟ್ಯಾನಿನ್ ಎಂಬ ಒಗರು ಅಂಶ ಕಬ್ಬಿಣವನ್ನು ತಿನ್ನುತ್ತದೆ. ಇಂಥ ಕೂಡಿಕೆಗಳಿಂದಾದ ಚೌಕಟ್ಟು ಕಾಂಕ್ರೀಟಿನ ಹಾಗೆ ಸೆಟೆದು ನಿಲ್ಲುವುದಿಲ್ಲ. ಭಾರ ಬಿದ್ದಾಗ ಪ್ರತಿ ಕೂಡಿಕೆಯೂ ಸ್ವಲ್ಪ ಸ್ವಲ್ಪ ಕೊಟ್ಟುಕೊಳ್ಳುತ್ತದೆ.

ಆ ಬಡಗಿಗಳಲ್ಲಿ ಒಬ್ಬನ ಹೆಸರು ನಮಗೆ ಗೊತ್ತಿದೆ. ಅಂಗಳಕ್ಕೆ ಮುಖ ಮಾಡಿ ಎರಡು ಅಂತಸ್ತಿನ ದೊಡ್ಡ ಕಿಟಕಿಗಳು ಹೊರಚಾಚಿವೆ. ಅವುಗಳ ಮೇಲೆ ಮರದಲ್ಲೇ ಕೆತ್ತಿದ ಬರಹವಿದೆ. ಈ ಕಿಟಕಿಗಳನ್ನು 1559ರಲ್ಲಿ ವಿಲಿಯಂ ಮೊರ್ಟನ್ ಮಾಡಿಸಿದ ಎಂದು ಮೊದಲು, ದೇವರ ಕೃಪೆಯಿಂದ ಬಡಗಿ ರಿಚರ್ಡ್ ಡೇಲ್ ಮಾಡಿದ ಎಂದು ಆಮೇಲೆ. ಮಾಡಿಸಿದ ವಿಲಿಯಂ ಮೊದಲ ವಿಲಿಯಂನ ಮಗ. ಧಣಿಯ ಹೆಸರಿನ ಪಕ್ಕದಲ್ಲೇ ಉಳಿ ಹಿಡಿದವನ ಹೆಸರೂ ಇರುವುದು ಅಪರೂಪ. ಅದರ ಮುಂದೆ ನಾನು ತುಂಬ ಹೊತ್ತು ನಿಂತೆ. ಆಗ ಗಾಜು ದುಬಾರಿ ವಸ್ತು, ಶ್ರೀಮಂತಿಕೆಯ ಗುರುತು. ಮನೆಯ ಕಿಟಕಿಗಳಲ್ಲಿ ಸೀಸದ ಪಟ್ಟಿಗೆ ಕೂರಿಸಿದ ಸುಮಾರು 30,000 ಗಾಜಿನ ಚೂರುಗಳಿವೆ, ಚೌಕ, ವಜ್ರ, ವೃತ್ತ, ತ್ರಿಕೋನ ಹೀಗೆ ಬಗೆಬಗೆಯ ವಿನ್ಯಾಸದಲ್ಲಿ. ಸೀಸ ಮೆತ್ತಗಿನ ಲೋಹ. ಚೌಕಟ್ಟು ವಾಲಿದಾಗ ಅದೂ ಜೊತೆಗೇ ಬಾಗುತ್ತದೆ, ಚೂರುಗಳು ಒಡೆಯದೆ ಉಳಿಯುತ್ತವೆ. ಇದೇ ಜಾಗದಲ್ಲಿ ಇಡಿಯಾದ ಒಂದು ದೊಡ್ಡ ಗಾಜು ಇದ್ದಿದ್ದರೆ ಎಂದೋ ಸೀಳುತ್ತಿತ್ತು.

ಮನೆ ಇಷ್ಟು ವಾಲಲು ಕಾರಣ ಆ ಮೇಲಿನ ಹಜಾರವೇ. 1560ರ ದಶಕದಲ್ಲಿ ಹೆಬ್ಬಾಗಿಲಿನ ಭಾಗ ಕಟ್ಟುವಾಗ ಅದು ಮೊದಲ ಯೋಜನೆಯಲ್ಲಿ ಇದ್ದಂತಿಲ್ಲ. ದೊಡ್ಡ ಮನೆಗಳಲ್ಲಿ ಉದ್ದ ಹಜಾರ ಇರಲೇಬೇಕು ಎನ್ನುವ ಗೀಳು ಆಗ ಇಂಗ್ಲೆಂಡಿನಲ್ಲಿ ಹಬ್ಬುತ್ತಿತ್ತು. ಮಳೆ ಚಳಿಯಲ್ಲಿ ಹೊರಗೆ ಕಾಲಿಡಲಾಗದ ದಿನ ಮನೆಮಂದಿ ಅಲ್ಲಿ ಅಡ್ಡಾಡುತ್ತಿದ್ದರು, ಆಡುತ್ತಿದ್ದರು. ಹದಿನೇಳನೇ ಶತಮಾನದ ನಾಲ್ಕು ಟೆನಿಸ್ ಚೆಂಡುಗಳು ಈ ಮನೆಯ ಹಲಗೆಗಳ ಹಿಂದೆ ಸಿಕ್ಕಿವೆ. ಹೀಗೆ ಎರಡಂತಸ್ತಿನ ತಲೆಯ ಮೇಲೆ 68 ಅಡಿ ಉದ್ದದ ಮೂರನೆಯದು ಬಂತು. ಅದರ ಮೇಲೆ ಮಾಡು. ಆ ಮಾಡಿಗೆ ಹೊದಿಸಿದ್ದು ಹೆಂಚನ್ನಲ್ಲ, ದಪ್ಪ ಮರಳುಗಲ್ಲಿನ ಚಪ್ಪಡಿಗಳನ್ನು.

ಇಳಿಜಾರು ಮಾಡಿನ ಭಾರ ನೆಟ್ಟಗೆ ಕೆಳಗಿಳಿದು ಸುಮ್ಮನಾಗುವುದಿಲ್ಲ. ಗೋಡೆಗಳ ತಲೆಯನ್ನು ಆಚೆ ಈಚೆ ಹೊರಕ್ಕೆ ತಳ್ಳುತ್ತದೆ. ಎರಡು ಇಸ್ಪೀಟು ಎಲೆಗಳನ್ನು ಆನಿಸಿ ನಿಲ್ಲಿಸಿ, ತಲೆಯ ಮೇಲೆ ಬೆರಳಿಟ್ಟು ಒತ್ತಿ ನೋಡಿ: ಬುಡ ಎರಡೂ ಕಡೆ ಜಾರುತ್ತದೆ. ಆ ಬುಡಗಳ ನಡುವೆ ಒಂದು ದಾರ ಬಿಗಿದರೆ ನಿಲ್ಲುತ್ತದೆ. ಹಜಾರ ಕಟ್ಟಿದವರು ಆ ದಾರವನ್ನು ಬಿಟ್ಟಿದ್ದರು. ಕಮಾನಿನ ಆಸರೆಗಳ ನಡುವಿನ ತೆರವು ಚೆಂದ ಕಾಣಲಿ ಎಂದಿರಬೇಕು. ಹದಿನೇಳನೇ ಶತಮಾನದಲ್ಲಿ ಗೋಡೆ ಹೊರಕ್ಕೆ ಬಾಗುವುದು ಕಂಡು ಅಡ್ಡತೊಲೆಗಳನ್ನು ಸೇರಿಸಿದರು. ಸುಮಾರು ಇನ್ನೂರು ವರ್ಷ ಕಳೆದ ಮೇಲೆ, ಮನೆತನದ ಕೊನೆಯವಳಾದ ಕ್ರೈಸ್ತ ಸನ್ಯಾಸಿನಿ ಎಲಿಜಬೆತ್ ಮೊರ್ಟನ್ ಹಜಾರಕ್ಕೆ ಉಕ್ಕಿನ ಸರಳುಗಳನ್ನು ಹಾಕಿಸಿದಳೆಂದು ಕಾಣುತ್ತದೆ. ಎರಡೂ ಸಲ ಮಾಡಿದ್ದು ದಾರ ಬಿಗಿಯುವ ಕೆಲಸವನ್ನೇ. ಸೊಟ್ಟ ಕಂಬಗಳನ್ನು ಜಾಕ್ ಕೊಟ್ಟು ನೆಟ್ಟಗೆ ಮಾಡಲು ಯಾರೂ ಹೋಗಲಿಲ್ಲ. ಶತಮಾನಗಳ ಕಾಲ ಆ ಬಾಗಿಗೆ ಒಗ್ಗಿದ ಮರವನ್ನು ಬಲವಂತವಾಗಿ ಎಳೆದರೆ ಸೀಳುವುದು ಕೂಡಿಕೆಯೇ.

ಆದ್ದರಿಂದ ವಾಲಿದ ಗೋಡೆಯ ಮುಂದೆ ನಾನು ಕೇಳಿಕೊಳ್ಳುವುದು ಎಷ್ಟು ವಾಲಿದೆ ಎಂದಲ್ಲ, ಇನ್ನೂ ವಾಲುತ್ತಿದೆಯೇ ಎಂದು. ಬಿರುಕಿಗೆ ಅಡ್ಡಲಾಗಿ ತೆಳ್ಳನೆ ಗಾಜಿನ ಪಟ್ಟಿ ಅಂಟಿಸಿ ತಾರೀಖು ಬರೆದು ಬರುತ್ತೇನೆ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆದರೂ ಗಾಜು ಒಡೆಯದಿದ್ದರೆ ಆ ಗೋಡೆ ಎಂದೋ ತನ್ನ ಜಾಗಕ್ಕೆ ಕೂತಿದೆ. ಒಡೆದರೆ ಕಾರಣ ಹುಡುಕಬೇಕು. ಅನೇಕ ಸಲ ಅದು ಬುಡದಲ್ಲಿ ನಿಲ್ಲುವ ನೀರು.

ಕಂಬಗಳ ನಡುವಿನ ಗೋಡೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಚೌಕಟ್ಟಿನ ಖಾನೆಗಳನ್ನು ಇಂಥ ಮನೆಗಳಲ್ಲಿ ತಡಿಕೆ ಹೆಣೆದು, ಮಣ್ಣು, ಹುಲ್ಲು, ಸಗಣಿ ಕಲಸಿ ಮೆತ್ತಿ ತುಂಬುತ್ತಿದ್ದರು, ಮೇಲೆ ಸುಣ್ಣ. ಮಲೆನಾಡಿನ ತಡಿಕೆ ಗೋಡೆ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಣ್ಣೂ ಸುಣ್ಣವೂ ಮರದ ಜೊತೆ ಅಲುಗುತ್ತವೆ, ಕುಡಿದ ನೀರನ್ನು ಗಾಳಿಗೆ ಬಿಟ್ಟುಕೊಡುತ್ತವೆ. ಸಿಮೆಂಟ್ ಎರಡನ್ನೂ ಮಾಡುವುದಿಲ್ಲ. ಸಾಗರದ ಕಡೆಯ ಒಂದು ಮನೆಯಲ್ಲಿ, ಗೋಡೆ ಗಟ್ಟಿಯಾಗಲಿ ಎಂಬ ಒಳ್ಳೆಯ ಮನಸ್ಸಿನಿಂದಲೇ ಮಣ್ಣಿನ ಗೋಡೆಗೆ ಸಿಮೆಂಟ್ ಬಳಿಸಿದ್ದರು. ಕೆಲವೇ ವರ್ಷಗಳ ನಂತರ ಪ್ಲಾಸ್ಟರ್ ಬಿಡಿಸಿದಾಗ ಕಂಬದ ಬುಡ ಬೆರಳಲ್ಲಿ ಉದುರುತ್ತಿತ್ತು. ತಲೆಮಾರುಗಳ ಮಳೆ ತಡೆದುಕೊಂಡಿದ್ದ ಹಲಸಿನ ಮರ ಅದು. ಆ ದಿನ ಮನೆಯ ಅಜ್ಜಿಗೆ ಏನು ಹೇಳಬೇಕೆಂದು ನನಗೆ ತೋಚಲಿಲ್ಲ.

ಮೊರ್ಟನ್ ಮನೆ ಹೀಗೆ ಉಳಿದದ್ದರಲ್ಲಿ ಬಡತನದ ಪಾಲೂ ಇದೆ. 1640ರ ದಶಕದ ಅಂತರ್ಯುದ್ಧದಲ್ಲಿ ರಾಜನ ಪಕ್ಷ ಹಿಡಿದ ಮನೆತನದ ಆಸ್ತಿ ಜಪ್ತಿಯಾಯಿತು, ಸಾಲ ಏರಿತು. ಮುಂದೆ ಮನೆಯನ್ನು ಗೇಣಿದಾರ ರೈತರಿಗೆ ಬಿಟ್ಟರು. ಹದಿನೆಂಟನೇ ಶತಮಾನದಲ್ಲಿ ದುಡ್ಡಿದ್ದ ಎಷ್ಟೋ ಮಂದಿ ಮರದ ಮನೆಯ ಮುಖಕ್ಕೆ ಇಟ್ಟಿಗೆ ಕಟ್ಟಿಸಿ ಹೊಸದು ಮಾಡಿಕೊಂಡರು. ಇಲ್ಲಿ ಆ ತಾಕತ್ತು ಇರಲಿಲ್ಲ. ಒಳಗೆ ಒಂದಷ್ಟು ಹಲಗೆ ಹೊದಿಸಿದರು, ಅದೂ ಒಳ್ಳೆಯದೇ ಆಯಿತು. 1976ರಲ್ಲಿ ಆ ಹಲಗೆಗಳ ಹಿಂದೆ ಹದಿನಾರನೇ ಶತಮಾನದ ಭಿತ್ತಿಚಿತ್ರಗಳು ಸಿಕ್ಕವು, ಬೈಬಲ್ ಪರಂಪರೆಯ ಸುಸಾನಾಳ ಕಥೆ. ಎಲಿಜಬೆತ್ 1912ರಲ್ಲಿ ತೀರಿಕೊಂಡಾಗ, ಎಂದೂ ಮಾರಬಾರದು ಎಂಬ ಷರತ್ತಿನ ಮೇಲೆ ಮನೆಯನ್ನು ಬಂಧುವೊಬ್ಬರಿಗೆ ಬಿಟ್ಟಿದ್ದಳು. 1938ರಲ್ಲಿ ಅದು ಹಳೆ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಗೆ ಸೇರಿತು.

ಈ ಮನೆಯ ಫೋಟೋ ನೋಡಿದವರ ಮನಸ್ಸಿನಲ್ಲಿ ಉಳಿಯುವುದು ಕಪ್ಪು ಮರ, ಬಿಳಿ ಗೋಡೆ. ಆ ಬಣ್ಣ ಹತ್ತೊಂಬತ್ತನೇ ಶತಮಾನದ ಅಭಿರುಚಿ. ಮೊದಲು ಓಕ್‌ಗೆ ಏನನ್ನೂ ಬಳಿಯುತ್ತಿರಲಿಲ್ಲ, ಬಿಸಿಲು ಮಳೆಗೆ ಅದು ತಾನಾಗಿ ಬೆಳ್ಳಿಬೂದು ಬಣ್ಣಕ್ಕೆ ತಿರುಗುತ್ತಿತ್ತು. ನಡುವಿನ ಗೋಡೆಗೆ ಕಾವಿ ಮಿಶ್ರಿತ ಹಳದಿ. 1977ರಲ್ಲಿ ದಕ್ಷಿಣ ಭಾಗದ ಮಾಡಿನ ಚಪ್ಪಡಿಗಳು ಸಡಿಲಾಗಿರುವುದು ತಿಳಿದು, ಆರು ಹಂತಗಳ ದುರಸ್ತಿ ಶುರುವಾಯಿತು. ಕೊಳೆತ ಕಡೆ ಹೊಸ ಮರ ಕೂರಿಸಿದವರು ಅದಕ್ಕೆ ಕಪ್ಪು ಬಳಿಯಲಿಲ್ಲ, ಹಾಗೇ ಬಿಟ್ಟರು. ರಿಚರ್ಡ್ ಡೇಲ್ ಕೆಲಸ ಮುಗಿಸಿ ಉಳಿ ಕೆಳಗಿಟ್ಟ ಮೇಲೆ ಈ ಮನೆ ಯಾವ ಬಣ್ಣಕ್ಕೆ ತಿರುಗಿತ್ತು ಎಂದು ನೋಡಬೇಕಾದರೆ, ಕಪ್ಪು ತೊಲೆಗಳ ನಡುವಿನ ಆ ಬೂದು ತುಂಡುಗಳ ಮುಂದೆ ನಿಲ್ಲಬೇಕು.