ಅಂತಃಪುರದ ಬಾಗಿಲು ತೆರೆಸಿದ ಕಾಗದ

ಪ್ರಶ್ನೆ: 19ನೇ ಶತಮಾನದಲ್ಲಿ ಒಬ್ಬ ಹೆಣ್ಣುಮಗಳು ಪರದೇಶದಲ್ಲಿ ದೊಡ್ಡವರ ಭಾವಚಿತ್ರ ಬರೆದು ಬದುಕೋದು ಸಾಧ್ಯವಿತ್ತಾ? ಕೆಲಸ ಹೇಗೆ ಸಿಗ್ತಿತ್ತು?

ಸಾಧ್ಯವಿತ್ತು. ಆದರೆ ಕೈಚಳಕ ಒಂದೇ ಸಾಲದು, ಸರಿಯಾದ ಕಡೆ ಗುರುತು ಪರಿಚಯವೂ ಬೇಕಿತ್ತು. ಚಿತ್ರಕಾರ್ತಿ ಎಲಿಜಬೆತ್ ಯೆರಿಕಾವ್-ಬೌಮನ್ ಅವರನ್ನೇ ನೋಡಿ. ಹೆಸರು ಕೇಳಿಲ್ಲ ಅಲ್ವಾ? ಜರ್ಮನಿಯ ಹಳೆಯ 1000 ಮಾರ್ಕ್ ನೋಟಿನಲ್ಲಿ ಜನಪದ ಕಥೆಗಳನ್ನು ಸಂಗ್ರಹಿಸಿದ ಗ್ರಿಮ್ ಸಹೋದರರು ಇದ್ದಾರೆ. ಎಪ್ಪತ್ತರ ಆಸುಪಾಸಿನ ಇಬ್ಬರು ಮುದುಕರು, ಅಕ್ಕಪಕ್ಕ. ಆ ಮುಖಗಳು ಬಂದಿದ್ದು 1855ರಲ್ಲಿ ಇವರು ಬರೆದ ಚಿತ್ರದಿಂದ.

ಇವರು ಹುಟ್ಟಿದ್ದು 1819ರಲ್ಲಿ, ವಾರ್ಸಾದಲ್ಲಿ. ಚಿತ್ರಕಲೆ ಕಲಿತದ್ದು ಜರ್ಮನಿಯ ಡ್ಯುಸೆಲ್‌ಡಾರ್ಫ್‌ನಲ್ಲಿ. ಆಮೇಲೆ ರೋಮ್. ಅಲ್ಲಿ ಡೆನ್ಮಾರ್ಕಿನ ಶಿಲ್ಪಿಯೊಬ್ಬರನ್ನು 1846ರಲ್ಲಿ ಮದುವೆಯಾಗಿ, 1849ರಲ್ಲಿ ಕೋಪನ್‌ಹೇಗನ್‌ಗೆ ಬಂದರು. ಬಂದ ಹೊತ್ತು ಸರಿಯಿರಲಿಲ್ಲ. ಡೆನ್ಮಾರ್ಕಿಗೆ ಆಗ ಜರ್ಮನ್ನರ ಜೊತೆ ಯುದ್ಧ. ಜರ್ಮನಿಯಲ್ಲಿ ಕಲಿತು ಬಂದ ಸೊಸೆಯನ್ನು ನಮ್ಮವಳು ಅನ್ನಲು ಅಲ್ಲಿಯವರಿಗೆ ಸುಲಭವಾಗಲಿಲ್ಲ. ಮನೆ ತುಂಬ ಮಕ್ಕಳು ಬೇರೆ. ಹಾಗಾಗಿ ಗಿರಾಕಿಗಳನ್ನು ಹುಡುಕಿಕೊಂಡು ಊರೂರು ಸುತ್ತಿದರು. 1852ರಲ್ಲಿ ಲಂಡನ್ನಿನಲ್ಲಿ ಚಿತ್ರಗಳನ್ನು ಇಟ್ಟಾಗ ವಿಕ್ಟೋರಿಯಾ ರಾಣಿ ಅವನ್ನು ಅರಮನೆಗೇ ತರಿಸಿ ನೋಡಿದರು. ಅದರಲ್ಲಿ ಕಥೆಗಾರ ಆಂಡರ್ಸನ್ ಅವರ ಭಾವಚಿತ್ರವೂ ಇತ್ತು.

ನನಗೆ ಜಾಸ್ತಿ ಇಷ್ಟವಾಗುವುದು ಮುಂದಿನ ಭಾಗ. 1869ರಲ್ಲಿ, ಐವತ್ತನೇ ವಯಸ್ಸಿನಲ್ಲಿ, ಇವರು ಇಸ್ತಾಂಬುಲ್‌ಗೆ ಹೊರಟರು. ಡೆನ್ಮಾರ್ಕಿನ ರಾಜಕುಮಾರಿ ಅಲೆಕ್ಸಾಂಡ್ರಾ ಇಂಗ್ಲೆಂಡಿನ ಯುವರಾಜನ ಹೆಂಡತಿ. ಅವರ ಕಡೆಯ ಪರಿಚಯದ ಕಾಗದ ಕೈಯಲ್ಲಿತ್ತು. ಈಜಿಪ್ಟಿನ ರಾಜಮನೆತನದ ಮುಸ್ತಫಾ ಫಾಜಿಲ್ ಪಾಷಾ ಅವರ ಅಂತಃಪುರದ ಬಾಗಿಲು ತೆರೆಯಿತು. ಯುರೋಪಿನ ಗಂಡು ಚಿತ್ರಕಾರರು ಆ ಹೊತ್ತಿಗೆ ಅಂತಃಪುರದ ಚಿತ್ರಗಳನ್ನು ರಾಶಿ ರಾಶಿ ಬರೆದಿದ್ದರು, ಆದರೆ ಒಳಗೆ ಕಾಲಿಟ್ಟಿರಲಿಲ್ಲ. ಅವರು ಬರೆದದ್ದು ಸುಮ್ನೆ ಊಹೆ. ಹೆಣ್ಣು ಅನ್ನುವ ಕಾರಣಕ್ಕೆ ಎಷ್ಟೋ ಕಡೆ ತಡೆ ಇದ್ದ ಕಾಲದಲ್ಲಿ, ಇಲ್ಲಿ ಅದೇ ಕಾರಣಕ್ಕೆ ಇವರಿಗೆ ಪ್ರವೇಶ.

ಒಳಗೆ ಹೋದರೆ ಇನ್ನೊಂದು ಫಜೀತಿ. ಇವರಿಗೆ ಬೇಕಿದ್ದದ್ದು ಪೂರ್ವದೇಶದ ಉಡುಪು, ಒಡವೆ, ಬಣ್ಣ. ಯುರೋಪಿನಲ್ಲಿ ಮಾರಾಟವಾಗುತ್ತಿದ್ದದ್ದೇ ಅದು. ಚಿತ್ರಕ್ಕೆ ಕೂತ ಹೆಂಗಸರಿಗೆ ಬೇಕಿದ್ದದ್ದು ಪ್ಯಾರಿಸ್ಸಿನ ಹೊಸ ಫ್ಯಾಷನ್ನಿನ ಗೌನು! ಪಾಷಾ ಅವರ ಮಗಳು ನಾಜ್ಲಿಗೆ ಫ್ರೆಂಚ್, ಇಂಗ್ಲಿಷ್ ಎರಡೂ ಬರುತ್ತಿತ್ತು. ತಾನು ಹೇಗೆ ಕಾಣಬೇಕು ಅನ್ನುವುದು ಚೆನ್ನಾಗಿ ಗೊತ್ತಿತ್ತು. ದುಡ್ಡು ಕೊಡುವವರ ಮಾತು ನಡೆಯಬೇಕಲ್ಲ, ಅವರು ಕೇಳಿದ್ದನ್ನು ಅವರಿಗೆ ಬರೆದುಕೊಟ್ಟರು. ತಮ್ಮ ಆಸೆಯ ಒಡವೆ, ರೇಷ್ಮೆ, ದಿಂಬಿಗೆ ಒರಗಿದ ಸುಂದರಿಯರನ್ನು ಯುರೋಪಿನ ಪ್ರದರ್ಶನಗಳಿಗೆ ಬೇರೆಯೇ ಬರೆದರು.